ಅತ್ತೆ ಬಂಗಾಳ ಕೊಲ್ಲಿಯನ್ನು ಬೈದು ಬಂದದ್ದು

ನಮ್ಮ ಅತ್ತೆಗೆ ಬಂಗಾಳ ಕೊಲ್ಲಿಯ ಮೇಲಿದ್ದ ಸಿಟ್ಟು ನನ್ನ ಮದುವೆಗಿಂತ ಹಳೆಯದು. ನಾನು ಸೊಸೆಯಾಗಿ ತಾಳವಾಡಿ ಪಕ್ಕದ ದೊಡ್ಡಗಾಜನೂರಿಗೆ ಬಂದ ಮೊದಲ ಕಾರ್ತಿಕದಲ್ಲೇ ಅದು ನನಗೆ ಗೊತ್ತಾಯಿತು. ಕೊಯ್ದ ರಾಗಿ ಹೊಲದಲ್ಲಿ ಒಣಗುತ್ತಾ ಬಿದ್ದಿತ್ತು. ಸಂಜೆ ತಮಿಳು ವಾರ್ತೆ ಓದುವ ಹೆಂಗಸು, ಬಂಗಾಳ ಕೊಲ್ಲಿಯಲ್ಲಿ 'ತಾಳ್ವು ಮಂಡಲ' ಉಂಟಾಗಿದೆ ಎಂದಳು. ವಾಯುಭಾರ ಕುಸಿತಕ್ಕೆ ತಮಿಳಿನಲ್ಲಿ ಹಾಗೆನ್ನುತ್ತಾರೆ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ಥಟ್ಟನೆ ತಲೆಯೆತ್ತಿದರು.

"ನೋಡು, ತಿರ್ಗ ನಮ್ ತಾಳವಾಡಿ ಮಂಡ್ಲನೇ ಯೋಳ್ತಾವ್ರ. ನಾಳಕ್ಕ ಮಳ ಬತ್ತದ."

ನಾನು ಹೊಸ ಸೊಸೆ, ಅದರ ಮೇಲೆ ಸಮಾಜ ವಿಜ್ಞಾನದ ಟೀಚರು. ಸುಮ್ಮನಿರಲಾಗಲಿಲ್ಲ. "ಅತ್ತೆ, ಅದು ತಾಳವಾಡಿ ಅಲ್ಲ. ಸಮುದ್ರದ ಮೇಲೆ ಗಾಳಿಯ ಒತ್ತಡ ಕಮ್ಮಿಯಾಗುವುದು" ಎಂದು ವಿವರಿಸಿದೆ.

"ಯಾವ್ದಾರ ಆಗ್ಲಿ ಕಣವ್ವ. ಉಟ್ಟದು ಎಲ್ಲೋ, ಬಂದು ಬೀಳದು ನಮ್ ರಾಗಿ ಮ್ಯಾಲೇ ತಾನೆ?" ಎಂದು ಅತ್ತೆ ಎದ್ದು ಟಾರ್ಪಾಲು ಹುಡುಕಲು ಹೋದರು. ಮರುದಿನ ಮಳೆ ಬಂತು. ನನ್ನ ವಿವರಣೆಗೆ ಮನೆಯಲ್ಲಿ ಇದ್ದ ಬೆಲೆಯೂ ಅಂದೇ ನಿಗದಿಯಾಯಿತು.

ಹಿಂದೂ ಮಹಾಸಾಗರದ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ. ನಮ್ಮದು ತಮಿಳುನಾಡಿನ ಕನ್ನಡ ಮಾಧ್ಯಮದ ಶಾಲೆ. ಕಡಲು ನಮ್ಮ ಸರ್ಕಾರಕ್ಕೆ ಇದೆ, ಬೆಟ್ಟದ ಮೇಲಿನ ನಮಗಿಲ್ಲ. ಪ್ರಪಂಚದ ಮೂರನೆಯ ದೊಡ್ಡ ಸಾಗರ, ಉಳಿದವುಗಳಿಗಿರುವಂತೆ ಇದಕ್ಕೆ ಉತ್ತರದಲ್ಲಿ ದಾರಿಯಿಲ್ಲ, ಏಷ್ಯಾ ಖಂಡ ಅಡ್ಡ ಕೂತಿದೆ, ಅದಕ್ಕೇ ಇಲ್ಲಿನ ಗಾಳಿ ಅರ್ಧ ವರ್ಷ ಒಂದು ಕಡೆಯಿಂದ ಬೀಸಿ ಇನ್ನರ್ಧ ವರ್ಷ ಮುಖ ತಿರುಗಿಸುತ್ತದೆ ಎಂದು ಹೇಳುತ್ತೇನೆ. ಆ ನೀರಿನ ಮೇಲೆ ಎಣ್ಣೆ ಹಡಗುಗಳು ಹೋಗುತ್ತವೆ, ಲಕ್ಷಾಂತರ ಮಂದಿ ಮೀನು ಹಿಡಿದು ಬದುಕುತ್ತಾರೆ ಎನ್ನುತ್ತೇನೆ. ಮಕ್ಕಳು ಕಿಟಕಿಯಾಚೆ ಎಲೆಕೋಸಿನ ಹೊಲ ನೋಡುತ್ತಾ ಕೇಳಿಸಿಕೊಳ್ಳುತ್ತಾರೆ. ಆನೆ ಬಂತೆಂದು ಯಾರಾದರೂ ಕೂಗಿದರೆ ಪಾಠ ನಿಲ್ಲುತ್ತದೆ. ತಿಮಿಂಗಿಲಕ್ಕೆ ಅಷ್ಟು ಮರ್ಯಾದೆ ಎಂದೂ ಸಿಕ್ಕಿಲ್ಲ.

ಅತ್ತೆಗೂ ಒಮ್ಮೆ ಈ ಪಾಠ ಮಾಡಿದ್ದೆ. ಜೂನ್ ಹೊತ್ತಿನ ಮುಂಗಾರು ಅರಬ್ಬಿ ಸಮುದ್ರದ ಕಡೆಯಿಂದ ಬರುತ್ತದೆ, ಅಕ್ಟೋಬರ್ ನವೆಂಬರಿನ, ಅಂದರೆ ಐಪ್ಪಸಿ ಕಾರ್ತಿಕದ ಹಿಂಗಾರು ಬಂಗಾಳ ಕೊಲ್ಲಿಯ ಕಡೆಯಿಂದ ಎಂದೆ. ಅವರು ಗಮನವಿಟ್ಟು ಕೇಳಿದರು. ಕೊನೆಗೆ, "ಅಂಗಾರ ಪಡುಗಡದು ಒಳ್ಳೇದು. ಬಿತ್ತಕ್ಕ ಮಳ ಕೊಡ್ತದ. ಈ ಮೂಡ್ಲದೇ ಮನ ಮುರುಕ. ಕುಯ್ದು ಆಕಾದ್ನೇ ಕಾಯ್ಕಂಡು ಕುಂತಿರ್ತದ" ಎಂದು ಒಂದನ್ನು ಒಳ್ಳೆಯ ಸೊಸೆ ಮಾಡಿ ಇನ್ನೊಂದನ್ನು ಕೆಟ್ಟ ಸೊಸೆ ಮಾಡಿಬಿಟ್ಟರು. ಭೂಗೋಳವನ್ನು ಇದಕ್ಕಿಂತ ಸುಲಭವಾಗಿ ಹೇಳಿದವರನ್ನು ನಾನು ಕಂಡಿಲ್ಲ, ಇದಕ್ಕಿಂತ ತಪ್ಪಾಗಿ ಹೇಳಿದವರನ್ನೂ ಕಂಡಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಬೀದಿಯ ಹೆಣ್ಣುಮಕ್ಕಳ ಸಂಘದವರು ದೀಪಾವಳಿ ಕಳೆದ ಮೇಲೆ ಕನ್ಯಾಕುಮಾರಿಗೆ ಪ್ರವಾಸ ಹೊರಟರು, ಜೊತೆಗೆ ನಾನೂ. ಅತ್ತೆಯನ್ನು ಯಾರೂ ಕರೆದಿರಲಿಲ್ಲ. ರಾಗಿ ಕೊಯ್ಲಿನ ಕಾಲದಲ್ಲಿ ಅವರು ಹೊಲದ ಬದು ದಾಟಿದವರಲ್ಲ. ಆದರೆ ವ್ಯಾನು ಗೊತ್ತುಮಾಡುವ ಮಾತು ನಡೆಯುತ್ತಿದ್ದಾಗ ಜಗಲಿಯಿಂದಲೇ ಕೇಳಿದರು.

"ಆ ಬಂಗಾಳದ್ದು ಅಲ್ಲಿ ಸಿಕ್ತದ?"

"ಸಿಗುತ್ತೆ ಅತ್ತೆ. ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರ, ಹಿಂದೂ ಮಹಾಸಾಗರ, ಮೂರೂ ಅಲ್ಲೇ ಸೇರುವುದು."

"ಅಂಗಾರ ನಾನೂ ಬತ್ತೀನಿ. ಅದ್ನ ಒಂದ್ಸಲ ಎದ್ರುಗ್ ನಿಂತು ಕೇಳ್ಬೇಕು."

ನನ್ನ ಗಂಡ ನಕ್ಕರು. "ಅವ್ವ, ರಾಗಿ ಕುಯ್ದು ಆಕಿವಿ. ನೀನಿಲ್ದೆ ಎಂಗೆ?"

"ನೀನ್ ಇದ್ದೀಯಲ್ಲ, ನೋಡ್ಕ. ನಾನ್ ಓಯ್ತಿರದೂ ಆ ರಾಗಿಗೇ ಕಣ್ಲಾ" ಎಂದರು ಅತ್ತೆ. ತೀರ್ಥಯಾತ್ರೆಗೆ ಹೊರಟ ವ್ಯಾನಿನಲ್ಲಿ ಜಗಳಕ್ಕೆ ಹೊರಟಿದ್ದವರು ಅವರೊಬ್ಬರೇ.

ರಾತ್ರಿ ಮುಚ್ಚಿದ್ದ ಘಟ್ಟದ ಗೇಟನ್ನು ಬೆಳಿಗ್ಗೆ ತೆಗೆಯುವ ಹೊತ್ತಿಗೆ ಘಟ್ಟದ ತಲೆಯಲ್ಲಿರುವ ದಿಂಬಂ ತಲುಪಿದೆವು. ಟೀ ಅಂಗಡಿಯ ಮುಂದೆ ವ್ಯಾನು ನಿಂತಿತು. ಕೆಳಗೆ ಸತ್ಯಮಂಗಲದ ಬಯಲಿನ ಮೇಲೆ ಮಂಜು ಬೆಳ್ಳಗೆ, ಸಮನಾಗಿ ಹರಡಿತ್ತು. ಸಂಘದ ಜೊತೆ ಬಂದಿದ್ದ, ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವ ತಾಳಮಲೆಯ ಹೆಂಗಸು ಟೀ ಲೋಟ ಹಿಡಿದುಕೊಂಡು ಅದನ್ನೇ ನೋಡುತ್ತಾ, "ಟೀಚ್ರೆ, ಕಡಲು ಅನ್ನದು ಇಂಗೇ ತಾನೆ ಇರದು? ನೋಡಾಯ್ತಲ್ಲ, ಇಲ್ಲಿಂದ್ಲೇ ವಾಪಸ್ ಓಗಮ" ಎಂದಳು. ಮುಂದಿನ ತಿರುವುಗಳಲ್ಲಿ ಅರ್ಧ ವ್ಯಾನು ವಾಂತಿ ಮಾಡಿಕೊಂಡಿತು. ಆಗ ಅವಳ ಸಲಹೆ ಎಲ್ಲರಿಗೂ ಬಹಳ ಬುದ್ಧಿವಂತಿಕೆಯದಾಗಿ ಕಂಡಿತು.

ಕನ್ಯಾಕುಮಾರಿಯಲ್ಲಿ ಬೆಳಿಗ್ಗೆ ಎದ್ದು ಸ್ನಾನಕ್ಕೆಂದು ಬಟ್ಟೆ ಗಂಟು ಕಟ್ಟಿಕೊಂಡು ದಡಕ್ಕೆ ಹೋದರೆ, ದಡಕ್ಕೆ ಹಗ್ಗ ಕಟ್ಟಿದ್ದರು. ಬಂಗಾಳ ಕೊಲ್ಲಿಯಲ್ಲಿ ತಾಳ್ವು ಮಂಡಲ ಎದ್ದಿದೆಯಂತೆ, ಅಲೆಗಳು ಜೋರಾಗಿವೆಯಂತೆ, ಯಾರೂ ನೀರಿಗೆ ಇಳಿಯಬಾರದು, ಬಂಡೆಗೆ ಹೋಗುವ ದೋಣಿಯೂ ಇಲ್ಲ ಎಂದು ಒಬ್ಬ ಪೊಲೀಸ್ ಮೈಕಿನಲ್ಲಿ ಹೇಳುತ್ತಿದ್ದ. ಅಷ್ಟು ದೊಡ್ಡ ಕಡಲು ಕಣ್ಣೆದುರಿಗೇ ಬಿದ್ದುಕೊಂಡಿತ್ತು. ಆದರೆ ಆವತ್ತು ಅದಕ್ಕೆ ಬಾಗಿಲು ಹಾಕಿತ್ತು.

ಹೆಂಗಸರೆಲ್ಲ ಹಗ್ಗದ ಈಚೆ ನಿಂತು ಕೈ ಮುಗಿದರು. ಒಬ್ಬಾಕೆ ನನ್ನನ್ನು ಕೇಳಿದಳು, "ಟೀಚ್ರೆ, ಮೂರು ಕಡ್ಲು ಅಂದ್ರಲ್ಲ, ಗೆರ ಎಲ್ಲಿ?"

ವರ್ಷವರ್ಷವೂ ಕರಿಹಲಗೆಯ ಮೇಲೆ ನಾನು ಆ ಗೆರೆಯನ್ನು ಬಣ್ಣದ ಸೀಮೆಸುಣ್ಣದಲ್ಲಿ ಎಳೆದಿದ್ದೇನೆ. ನೀರಿನ ಮೇಲೆ ಅದು ಎಲ್ಲೂ ಕಾಣಲಿಲ್ಲ. ಎಡಗೈ ಚಾಚಿ, "ಆ ಕಡೆಯದು ಬಂಗಾಳ ಕೊಲ್ಲಿ" ಎಂದೆ. ಬಲಗಡೆಯದು ಅರಬ್ಬಿ ಸಮುದ್ರ, ನಡುವಿನದು ಹಿಂದೂ ಮಹಾಸಾಗರ ಎಂದೆ. ನಾನು ಹೇಳಿದ್ದೇ ತಡ, ಅತ್ತೆ ಎಡಕ್ಕೆ ತಿರುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಪೊಲೀಸ್ ಅಡ್ಡ ಬಂದ.

"ಪಾಟೀ, ಅಲ್ಲಿಗೆ ಹೋಗಬಾರದು" ಎಂದ ಅವನು ತಮಿಳಿನಲ್ಲಿ. ಪಾಟಿ ಎಂದರೆ ಅಜ್ಜಿ.

ಅತ್ತೆಯದು ಸಂತೆಯ ತಮಿಳು, ಚೌಕಾಸಿಗೆ ಸಾಲುವಷ್ಟು. "ನಾನು ಇಳಿಯಲ್ಲಪ್ಪ, ಎರಡು ಮಾತು ಕೇಳಬೇಕು" ಎಂದರು.

"ಯಾರನ್ನ?"

ಅತ್ತೆ ಸಮುದ್ರದ ಕಡೆಗೆ ಗದ್ದ ತೋರಿಸಿದರು. ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. "ಇಲ್ಲಿಂದಲೇ ಕೇಳಿ ಪಾಟಿ, ಅದಕ್ಕೆ ಕೇಳಿಸುತ್ತೆ" ಎಂದು ಅವನು ಮರ್ಯಾದೆಯಿಂದಲೇ ಹೇಳಿ ಮೈಕಿನ ಕಡೆ ಹೋದ. ಆದರೆ ಅತ್ತೆಗೆ ಬೀದಿಯಲ್ಲಿ ನಿಂತು ಕೂಗುವುದು ಸರಿಬರಲಿಲ್ಲ. ಜಗಳವಾದರೂ ಹತ್ತಿರ ಹೋಗಿ ಮಾಡಬೇಕು ಎನ್ನುವವರು ಅವರು.

ಉಳಿದವರು ಶಂಖ, ಮಣಿಸರ ಕೊಳ್ಳಲು ಅಂಗಡಿಗಳಿಗೆ ಹೊರಟರು. ಅತ್ತೆ ನನ್ನ ಕೈ ಹಿಡಿದು ಎಡಕ್ಕೇ ನಡೆದರು. ಮೀನುಗಾರರ ಬೀದಿ ದಾಟಿ ಹೋದರೆ, ಅಲೆ ತಡೆಯಲು ದೊಡ್ಡ ದೊಡ್ಡ ಕಲ್ಲು ಪೇರಿಸಿದ್ದ ಜಾಗ ಬಂತು. ಅಲ್ಲಿ ಹಗ್ಗವೂ ಇಲ್ಲ, ಪೊಲೀಸೂ ಇಲ್ಲ. ದೋಣಿಗಳನ್ನು ಮೇಲಕ್ಕೆ ಎಳೆದು ಹಾಕಿದ್ದರು. ಒಬ್ಬ ಹೆಂಗಸು, ಅತ್ತೆಗಿಂತ ಸ್ವಲ್ಪ ಚಿಕ್ಕವಳು, ನೆಲದ ಮೇಲೆ ಹರಡಿದ ಒಣಮೀನಿನ ಮುಂದೆ ಕೋಲು ಹಿಡಿದು ಕಾಗೆ ಕಾಯುತ್ತಾ ಕೂತಿದ್ದಳು. ಪಕ್ಕದಲ್ಲಿ ನೀಲಿ ಟಾರ್ಪಾಲು ಮಡಿಸಿಟ್ಟಿದ್ದಳು.

ಅತ್ತೆ ಕಲ್ಲುಗಳ ಹತ್ತಿರ ಹೋಗಿ ನಿಂತರು. ಜನ್ಮದಲ್ಲಿ ಅವರು ಕಂಡಿದ್ದ ಅತಿ ದೊಡ್ಡ ನೀರು ನಮ್ಮೂರ ಕೆರೆ, ಅದೂ ತುಂಬಿದ ವರ್ಷ. ದಾರಿಯುದ್ದಕ್ಕೂ 'ಅದು' ಎನ್ನುತ್ತಿದ್ದವರು ಈಗ ದನಿ ಬದಲಿಸಿದರು.

"ಏನವ್ವ, ನಾವ್ ನಿನ್ಗ ಏನ್ ಮಾಡಿದ್ದೊ? ಇಷ್ಟಗಲ ಬಿದ್ದಿದ್ದೀಯ. ನಿನ್ಗೇನ್ ಕಮ್ಮಿ? ಬಿತ್ತುವಾಗ ಕರುದ್ರ ಬರಲ್ಲ. ಕುಯ್ದು ಆಕ್ಬುಟ್ರ ಓಡ್ಬತ್ತೀಯ. ಮೊಳಕ ಬಂದ ರಾಗಿನ ಎಷ್ಟ್ ವರ್ಷ ಅಂತ ತಿನ್ನನ? ಒಂದ್ ವರ್ಷಾರ ಸುಮ್ಗಿರಕ್ಕ ಆಗಲ್ವ?"

ಕಾಗೆ ಕಾಯುತ್ತಿದ್ದ ಹೆಂಗಸು ಕಿವಿ ನಿಮಿರಿಸಿದಳು. ಕನ್ನಡ ಅವಳಿಗೆ ತಿಳಿಯದು, ಆದರೆ ಬೈಗುಳಕ್ಕೆ ಭಾಷೆ ಯಾಕೆ? "ಅಕ್ಕ ಯಾರನ್ನ ಬೈತಿದಾರೆ?" ಎಂದು ನನ್ನನ್ನು ತಮಿಳಿನಲ್ಲಿ ಕೇಳಿದಳು. ನಾನು ಸಂಕೋಚದಿಂದ ಇದ್ದದ್ದನ್ನು ಹೇಳಿದೆ. ನಾವು ಮಲೆಯವರು, ರಾಗಿ ಬೆಳೆಯುತ್ತೇವೆ, ಕೊಯ್ಲಿನಲ್ಲಿ ಮಳೆ ಬರುತ್ತದೆ, ಅದಕ್ಕೆ ಈ ಕಡಲೇ ಕಾರಣ ಎಂದು ಅತ್ತೆಗೆ ಕೋಪ.

ಅವಳು ಕೋಲು ಕೆಳಗಿಟ್ಟು ಎದ್ದೇ ನಿಂತಳು. "ಓಹೋ, ಮಲೆಯವರಾ ನೀವು? ಹಾಗಾದ್ರೆ ನಾನೂ ಕೇಳ್ತೀನಿ" ಎಂದು ಭೂಮಿಯ ಕಡೆ, ದೂರದಲ್ಲಿ ಮೋಡ ಕವಿದಿದ್ದ ಬೆಟ್ಟಗಳ ಕಡೆ ಕೈ ತೋರಿಸಿದಳು. "ಮಧ್ಯಾಹ್ನ ಆಯ್ತೋ ಇಲ್ವೋ, ಅಲ್ಲಿಂದಲೇ ಕಪ್ಪಗೆ ಬರೋದು. ಮೀನು ಅರ್ಧ ಒಣಗಿರುತ್ತೆ, ಆಗಲೇ ಸುರಿಯುತ್ತೆ. ಹುಳ ಬಿದ್ದ ಮೀನನ್ನ ಯಾರು ಕೊಳ್ತಾರೆ? ಕಡಲು ಪಾಪ ಏನು ಮಾಡುತ್ತೆ? ಮಳೆ ಕಳಿಸೋರು ನಿಮ್ಮ ಮಲೆಯವರು!"

ಅತ್ತೆ ತಿರುಗಿ ನೋಡಿದರು. ಇಷ್ಟು ವರ್ಷ ದೂರು ಕೊಟ್ಟೇ ಗೊತ್ತಿದ್ದವರ ಮೇಲೆ ಮೊದಲ ಸಲ ದೂರು ಬಂದಿತ್ತು. "ನಾವಾ? ನಾವು ಕಳಿಸ್ತೀವಾ?" ಎಂದರು ತಮಿಳಿನಲ್ಲಿ.

"ಮತ್ತೆ ಯಾರು?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಇವಳು ಟೀಚರು, ಇವಳನ್ನೇ ಕೇಳು ಎಂದರು ಅತ್ತೆ. ಇಂಥ ಅವಕಾಶ ಯಾವ ಭೂಗೋಳದ ಮೇಷ್ಟರಿಗೆ ಸಿಗುತ್ತದೆ? ಎದುರಿಗೇ ಸಮುದ್ರ, ಬೆನ್ನಿಗೆ ಬೆಟ್ಟ, ಕೇಳಲು ಆಸೆಯಿಂದ ನಿಂತ ಇಬ್ಬರು ಬಾಧಿತರು. ಸೂರ್ಯನ ಬಿಸಿಗೆ ಕಡಲ ನೀರು ಆವಿಯಾಗುವುದು, ಗಾಳಿ ಅದನ್ನು ಹೊತ್ತು ತರುವುದು, ಬೆಟ್ಟಕ್ಕೆ ತಾಗಿ ಅದು ಮೇಲೇರುವುದು, ತಣ್ಣಗಾಗಿ ಮಳೆಯಾಗುವುದು, ಹೊಳೆಯಾಗಿ ತಿರುಗಿ ಕಡಲಿಗೇ ಬರುವುದು, ಎಲ್ಲವನ್ನೂ ಎರಡು ಭಾಷೆಯಲ್ಲಿ, ಕೈ ಆಡಿಸಿ, ಮರಳಿನ ಮೇಲೆ ಬರೆದು ವಿವರಿಸಿದೆ. ನನ್ನ ಬಾಳಿನ ಅತ್ಯುತ್ತಮ ಪಾಠ ಅದು ಎಂದು ಈಗಲೂ ಅನ್ನಿಸುತ್ತದೆ.

ಮೀನಿನ ಹೆಂಗಸು ಯೋಚಿಸಿದಳು. "ಅಂದ್ರೆ ಕಡಲಿನದೂ ತಪ್ಪಿಲ್ಲ, ಮಲೆಯದೂ ತಪ್ಪಿಲ್ಲ."

"ಹೌದು" ಎಂದೆ ಸಂತೋಷದಿಂದ.

"ಅಂಗಾರ ತಪ್ಪು ಇವಳ್ದೇ" ಎಂದರು ಅತ್ತೆ, ನನ್ನ ಕಡೆ ಬೆರಳು ತೋರಿಸಿ. "ಇಷ್ಟೆಲ್ಲ ಗೊತ್ತಿದ್ದೂ ಇಷ್ಟ್ ದಿನ ಒಂದೂ ಮಾಡ್ದೆ ಕುಂತವಳ."

ಅದನ್ನೂ ನಾನೇ ತಮಿಳಿಗೆ ತಂದೆ. ಅವರಿಬ್ಬರೂ ನಕ್ಕ ನಗು ನನಗಿನ್ನೂ ಕಿವಿಯಲ್ಲಿದೆ. ನಗುತ್ತಿದ್ದಾಗಲೇ ದಪ್ಪ ಹನಿ ಬೀಳತೊಡಗಿತು. ಮೀನಿನ ಹೆಂಗಸು ಅಯ್ಯೋ ಎಂದು ಟಾರ್ಪಾಲಿಗೆ ಹಾರಿದಳು. ಅವಳಿಗಿಂತ ಮೊದಲು ಅತ್ತೆಯ ಕೈ ಅದರ ಮೇಲಿತ್ತು. ಇಬ್ಬರೂ ಎರಡು ಮೂಲೆ ಹಿಡಿದು ಒಂದೇ ಬೀಸಿಗೆ ಹರಡಿದರು. ಅತ್ತೆ ಗಾಳಿ ಬರುವ ಕಡೆ ನೋಡಿ, ಆ ಅಂಚಿಗೆ ಮೊದಲು ಕಲ್ಲು ಹೇರಿದರು. "ಎಲ್ಲಿ ಕಲಿತಿರಿ ಅಕ್ಕ?" ಎಂದಳು ಅವಳು ಆಶ್ಚರ್ಯದಿಂದ. "ನಿನ್ ಕಡ್ಲೇ ಕಲ್ಸ್ತು" ಎಂದರು ಅತ್ತೆ. ಇದನ್ನು ತಮಿಳಿಗೆ ತರುವಷ್ಟರಲ್ಲಿ ಒಂದು ದೊಡ್ಡ ಅಲೆ ಕಲ್ಲಿಗೆ ಅಪ್ಪಳಿಸಿ ಮೇಲೆ ಹಾರಿತು. ನಾವು ಮೂವರೂ ತಲೆಯಿಂದ ಕಾಲಿನವರೆಗೆ ತೊಯ್ದುಹೋದೆವು. ಕಲ್ಲಿನ ಮೇಲಿಟ್ಟಿದ್ದ ಅತ್ತೆಯ ಎಲೆಅಡಿಕೆ ಚೀಲ ಅಲೆಯ ಜೊತೆಯೇ ಹೋಯಿತು. ಸಂಘದವರು ಅಷ್ಟು ದೂರದಿಂದ ಬಂದೂ ಪಡೆಯಲಾಗದ ಸಮುದ್ರಸ್ನಾನ, ಜಗಳಕ್ಕೆ ಹೋದವರಿಗೆ ಸಿಕ್ಕಿತು.

ಅತ್ತೆ ಚೀಲ ಹೋದ ಕಡೆ ನೋಡಿ, "ತಕ್ಕ. ಅಡಕ ಆಕ್ಕಂಡಾರ ಸುಮ್ಗಿರು" ಎಂದರು.

ಹೊರಡುವಾಗ ಮೀನಿನ ಹೆಂಗಸು ನನ್ನ ಫೋನ್ ನಂಬರು ತೆಗೆದುಕೊಂಡು ತನ್ನದನ್ನೂ ಕೊಟ್ಟಳು. ಕಡಲು ಹೀಗೆ ಎದ್ದಿರುವ ದಿನ ಗಂಡನೂ ಮಗನೂ ಮನೆಯಲ್ಲೇ ಕೂರುತ್ತಾರೆ, ಅಂಥ ದಿನ ಒಣಮೀನೇ ಗತಿ ಎಂದಳು. ವ್ಯಾನು ತಿರುನೆಲ್ವೇಲಿ ದಾಟಿದ ಮೇಲೆ ಅತ್ತೆ ಇದ್ದಕ್ಕಿದ್ದಂತೆ, "ಅಂಗಾರ ಟೀವಿಯವಳು ಮಂಡ್ಲ ಅಂದ್ ದಿನ ಅವ್ರ್ ಮನೇಲೂ ಒಲ ಉರಿಯಲ್ಲ ಅನ್ನು" ಎಂದರು.

ಇತ್ತ ನಡೆದದ್ದೇ ಬೇರೆ. ನಾವು ಮನೆ ಸೇರುವ ಮೊದಲೇ ಆ ತಾಳ್ವು ಮಂಡಲ ಸಮುದ್ರದ ಮೇಲೆಯೇ ಬಲ ಕಳೆದುಕೊಂಡು ಕರಗಿತ್ತು. ತಾಳವಾಡಿಯಲ್ಲಿ ತೊಳೆದಿಟ್ಟಂಥ ನೀಲಿ ಆಕಾಶ. ರಾಗಿ ಗರಿಗರಿಯಾಗಿ ಒಣಗಿ ಕೂತಿತ್ತು. ವ್ಯಾನಿನಲ್ಲಿ ಬಂದ ಹೆಂಗಸರು ಇಳಿದ ಕೂಡಲೇ ಸುದ್ದಿ ಹಬ್ಬಿಸಿದರು: ದೊಡ್ಡವ್ವ ಕಡಲಿಗೆ ಬೈದು ಬಂದಿದ್ದಾರೆ, ಕಡಲು ಹೆದರಿಕೊಂಡಿದೆ.

ಮೊದಲ ವಾರ ಅತ್ತೆ ನಡೆದ ಕಡೆಯೆಲ್ಲ ಮರ್ಯಾದೆ. ಯಾರು ಯಾರೋ ಬಂದು, "ನೀವ್ ಓಗಿ ಕೇಳಿದ್ಕೇ ರಾಗಿ ಉಳೀತು ಕಣವ್ವ" ಎಂದರು. ವಾಯುಭಾರ ಕುಸಿತ ದುರ್ಬಲವಾಗುವುದು ಸಾಮಾನ್ಯ ಸಂಗತಿ ಎಂದು ನಾನು ಹೇಳಿದ್ದನ್ನು ಜನ ನಯವಾಗಿ ಕೇಳಿಸಿಕೊಂಡು ಅತ್ತೆಗೆ ಇನ್ನೊಮ್ಮೆ ಕೈ ಮುಗಿದರು. ಎರಡನೆಯ ವಾರ ಗಾಳಿ ತಿರುಗಿತು. ಮಳೆ ಬರಲೇ ಇಲ್ಲ. ಅವರೆ ಹೂವು ಉದುರತೊಡಗಿತು, ಬೋರ್‌ವೆಲ್ಲಿನ ನೀರು ಇಳಿಯಿತು, ನನ್ನ ಗಂಡನ ಎಲೆಕೋಸು ಗಡ್ಡೆ ಕಟ್ಟದೆ ನಿಂತಿತು. ಪಕ್ಕದ ಹೊಲದ ಯಜಮಾನರು ಬೆಳಿಗ್ಗೆಯೇ ಬಂದು ಜಗಲಿಯ ಮೇಲೆ ಕೂತರು.

"ಏನಕ್ಕ, ನಿಮ್ ರಾಗಿ ಒಣಗ್ಲಿ ಅಂತ ಬೈದ್ರಿ ಸರಿ. ನಮ್ ಅವರೆನೂ ಒಣಗೋಯ್ತಲ್ಲ?"

"ನಾನೇನ್ ಪೂರ್ತಿ ಬ್ಯಾಡ ಅಂದ್ನಾ?" ಎಂದರು ಅತ್ತೆ.

ನನ್ನ ಗಂಡ ಒಳಗಿಂದ, "ಅವ್ವ, ಒಸಿ ಮೆತ್ತಗ ಬೈಬೇಕಾಗಿತ್ತು ಕಣ" ಎಂದರು. ತಮಾಷೆ ಎಷ್ಟು, ನಿಜ ಎಷ್ಟು ಎಂದು ಅವರ ಮುಖ ನೋಡಿ ನನಗೂ ತಿಳಿಯಲಿಲ್ಲ. ಕಡಲಿನ ಪ್ರತಿನಿಧಿಯೊಬ್ಬರು ಮನೆಯಲ್ಲೇ ಇದ್ದರೆ ದೂರು ಕೊಡುವುದು ಸುಲಭ. ಅತ್ತೆ ಆ ವಾರವಿಡೀ ಹಿತ್ತಲ ಬಾಗಿಲಿಂದಲೇ ಹೊಲಕ್ಕೆ ಹೋದರು.

ಶಾಲೆಯಲ್ಲೂ ನನಗೆ ಬಿಡುಗಡೆಯಿರಲಿಲ್ಲ. ಅರೆವಾರ್ಷಿಕ ಪರೀಕ್ಷೆಯಲ್ಲಿ, ಭಾರತದ ಹವಾಮಾನದ ಮೇಲೆ ಹಿಂದೂ ಮಹಾಸಾಗರದ ಪ್ರಭಾವವೇನು ಎಂದು ಕೇಳಿದ್ದೆ. ಒಬ್ಬ ಹುಡುಗಿ ಮುಂಗಾರು ಹಿಂಗಾರನ್ನೆಲ್ಲ ಚೆನ್ನಾಗಿ ಬರೆದು, ಕೊನೆಗೆ 'ಮೇಡಂ ಅವರ ಅತ್ತೆ ಬೈದ ಕಾರಣ ಈ ವರ್ಷ ಹಿಂಗಾರು ಮಳೆ ಬಂದಿಲ್ಲ' ಎಂದು ಸೇರಿಸಿದ್ದಳು. ತಪ್ಪು ಎಂದು ಕೆಂಪು ಗೀಟು ಎಳೆಯಲು ಹೋದೆ. ಮಳೆ ಬಂದಿಲ್ಲ ಎಂಬ ಭಾಗ ಸರಿಯಾಗಿಯೇ ಇತ್ತು. ಅರ್ಧ ಅಂಕ ಕೊಟ್ಟೆ.

ಮಾರ್ಗಳಿ, ಅಂದರೆ ಧನುರ್ಮಾಸ, ಹಿಡಿದ ಮೇಲೆ ಒಂದು ಸಂಜೆ ಮತ್ತೆ ವಾರ್ತೆಯಲ್ಲಿ ಮಂಡಲದ ಮಾತು ಬಂತು. ನಮ್ಮ ರಾಗಿ ಬಡಿದು, ತೂರಿ, ಒಳಗೆ ಸೇರಿಯಾಗಿತ್ತು. ರಾತ್ರಿಯೆಲ್ಲ ಸಣ್ಣಗೆ, ಬೆಳಿಗ್ಗೆ ಜೋರಾಗಿ ಮಳೆ ಬಂತು. ಕೋಸಿಗೆ ಬೇಕಾದಷ್ಟೇ, ಅವರೆಯಲ್ಲಿ ಉಳಿದಿದ್ದ ಹೂವಿಗೆ ಸಾಲುವಷ್ಟು. ಬೀದಿಯವರ ಮುಖ ಅರಳಿತು. ಅತ್ತೆ ಮಾತ್ರ ಜಗಲಿಯಲ್ಲಿ ಕೂತು ಮಳೆ ನೋಡುತ್ತಾ ನನ್ನನ್ನು ಕೂಗಿದರು.

"ಮಗ, ಆ ಮೀನವ್ವನ್ಗ ಒಂದ್ ಫೋನ್ ಆಕು. ಅಲ್ಲಿ ಎಂಗದಂತ ಕೇಳಮ."

ಹಾಕಿದೆ. ಆ ಕಡೆಯಿಂದ ಗಾಳಿಯ ಸದ್ದೇ ಹೆಚ್ಚು ಕೇಳಿಸುತ್ತಿತ್ತು. ಅತ್ತೆ ಕನ್ನಡ ಬೆರೆಸಿದ ತಮಿಳಿನಲ್ಲಿ, ಅವಳು ನಮಗೆ ಅರ್ಧ ಮಾತ್ರ ತಿಳಿಯುವ ಕಡಲ ತೀರದ ತಮಿಳಿನಲ್ಲಿ, ಇಬ್ಬರೂ ದೂರಕ್ಕೆ ಕೂಗುವವರಂತೆ ಗಂಟಲು ಏರಿಸಿ ಮಾತಾಡಿದರು. ದೋಣಿ ಇಳಿಸಿಲ್ಲ, ಮೀನು ಒಳಗೆ ಎತ್ತಿಟ್ಟಿದ್ದೇನೆ ಎಂದಳು ಅವಳು. ಕೋಸಿನ ಬೆಲೆ ಇಲ್ಲಿ ಕೇಳುವ ಹಾಗಿಲ್ಲ, ನಿಮ್ಮ ಕಡೆ ಯಾಕಕ್ಕ ಇಷ್ಟು ಏರಿಸಿದ್ದೀರಿ ಎಂದೂ ಸೇರಿಸಿದಳು. ಅತ್ತೆ ಫೋನನ್ನು ಕಿವಿಯಿಂದ ತೆಗೆದು, "ಬೆಲ ಇದ್ದದಂತ? ನಮ್ಗ ಯಾರ್ ಕೊಟ್ರು?" ಎಂದು ಮಗನನ್ನು ಕೇಳಿದರು. ನಮ್ಮ ಹೊಲಕ್ಕೂ ಅವಳ ಅಡುಗೆಮನೆಗೂ ನಡುವೆ ಆ ಬೆಲೆ ಯಾರ ಮನೆಯಲ್ಲಿ ಇಳಿದುಕೊಂಡಿದೆ ಎಂಬುದು ನನ್ನ ಪಾಠದಲ್ಲೂ ಇಲ್ಲ.

ಸಂಕ್ರಾಂತಿಯ ಹೊತ್ತಿಗೆ ಅತ್ತೆ ಒಂದು ಚೀಲದಲ್ಲಿ ಕೋಸು, ಅವರೆಕಾಯಿ, ಸ್ವಲ್ಪ ರಾಗಿ ಹಿಟ್ಟು ತುಂಬಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸಿದರು. ಕೆಲವು ದಿನಗಳಲ್ಲಿ ಅಲ್ಲಿಂದಲೂ ಒಂದು ಪಾರ್ಸೆಲ್ ಬಂತು. ಅದು ಬಂದ ಸುದ್ದಿ ನಮಗಿಂತ ಮೊದಲು ತಾಳವಾಡಿ ಬಸ್ ನಿಲ್ದಾಣಕ್ಕೆ ಗೊತ್ತಾಗಿತ್ತು. ಕಂಡಕ್ಟರ್ ಮೂಗಿಗೆ ಟವೆಲ್ ಒತ್ತಿಕೊಂಡು, "ಟೀಚರಮ್ಮ, ಇದ್ನ ಬೇಗ ತಕ್ಕಂಡ್ ಓಗಿ. ಘಾಟಿಯಲ್ಲಿ ಒಬ್ರೂ ಕಿಟಕಿ ಮುಚ್ಚಿಲ್ಲ, ಎಲ್ರೂ ಚಳೀಲಿ ನಡುಗ್ಕಂಡ್ ಬಂದವ್ರ" ಎಂದ.

ಮನೆಯಲ್ಲಿ ಬಿಚ್ಚಿದರೆ ಬೆಳ್ಳಿಯಂತೆ ಹೊಳೆಯುವ ಒಣ ನೆತ್ತಲಿ ಮೀನು. ಅದರ ಜೊತೆಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಹೊಸ ಎಲೆಅಡಿಕೆ ಚೀಲ, ಶಂಖದ ಚಿತ್ರವಿರುವ, ಪ್ರವಾಸಿಗಳಿಗೆ ಮಾರುವಂಥದ್ದು. ಅತ್ತೆ ಅದನ್ನು ತಿರುಗಿಸಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಧ್ಯಾಹ್ನ ಬದನೆಕಾಯಿ ಹಾಕಿ ಮೀನಿನ ಸಾರು ಮಾಡಿದೆ. ಅತ್ತೆ ಮೊದಲ ತುತ್ತಿಗೇ ಮುಖ ಕಿವಿಚಿ, "ಉಪ್ಪು ಜಾಸ್ತಿಯಾಯ್ತು" ಎಂದರು.

"ನಾನು ಉಪ್ಪೇ ಹಾಕಿಲ್ಲ ಅತ್ತೆ" ಎಂದೆ.

ಅವರು ಸಾರಿನಿಂದ ಒಂದು ಮೀನು ಎತ್ತಿ ನೋಡಿದರು. ಆಮೇಲೆ ಇನ್ನೊಂದು ಮುದ್ದೆ ಕೇಳಿದರು.